ಎಡಗಡೆಯ ಅರ್ಧ

ನಮ್ಮಪ್ಪ ಜಟ್ಟೆಪ್ಪ. ಹೆಸರಿನಾಗಷ್ಟೇ ಜಟ್ಟಿ.
ಬನಿಯನ್ನಿನ ಮ್ಯಾಲಿಂದಲೇ ಎಲುಬು ಎಣಿಸಬಹುದಿತ್ತು.
ಗುಲಬರ್ಗಾದ ಶಹಾಬಜಾರದಾಗ, ಹಿಟ್ಟಿನ ಗಿರಣಿ ಮಗ್ಗಲ
ಒಂದು ಖೋಲಿ, ಒಂದು ಕಬ್ಬಿಣದ ಒತ್ತುಯಂತ್ರ,
ಮೈಲುತುತ್ತ ಹಾಕಿ ಕುದಿಸಿದ ಮೈದಾ ಅಂಟಿನ ಬೋಗುಣಿ.

ಮೇ ತಿಂಗಳೆಂದರ ನೋಟ್‌ಬುಕ್ಕಿನ ಹಂಗಾಮ.
ರದ್ದಿ ಮೌಲಾಲಿ ಹಳೆ ವಾರಪತ್ರಿಕೆ
ಕಿಲೋ ಲೆಕ್ಕದಾಗ ತಂದು ಸುರೀತಿದ್ದ.
ಬಣ್ಣದ ಹಾಳೆ ಆರಿಸಿ, ನಡುವ ಸೀಳಿ
ರಟ್ಟಿನ ಒಳಮೈಗೆ ಅಂಟಿಸ್ತಿದ್ದ ಅಪ್ಪ:
ಒಂದು ಹಾಳೆಗೆ ಎರಡು ಬುಕ್ಕು.

ಹಂಗ ನನ್ನ ಆರನೇ ಕ್ಲಾಸಿನ ಗಣಿತದಾಗ
ಅವನು ಬಂದ.
ಒಂದು ಕಣ್ಣು, ಅರ್ಧ ಮೂಗು, ಅರ್ಧ ನಗು.
ಉಣ್ಣೆಯ ಬಿಳಿ ಸ್ವೆಟರು!
ಹೊರಗ ನಲವತ್ತಮೂರು ಡಿಗ್ರಿ,
ಕಾಗಿ ಸೈತ ಬಾಯಿ ತೆರಕೊಂಡು ಕೂತಿತ್ತು.
ಬಗಲಾಗ ಬ್ಯಾಟು. ಏನೋ ಹಿಡಿದು ಎತ್ತಿದ ಕೈ
ಮುಂಗೈಗೇ ಮುಗೀತಿತ್ತು, ಅಪ್ಪನ ಕತ್ತಿ ನಡೆದಲ್ಲಿ.
ಕೆಳಗ ಮೂರು ಸಾಲು:

ಗೆಲುವಿನ ಗುಟ್ಟು—
ನಾನು ದಿನಾಲೂ ಬೆಳಿಗ್ಗೆ—
ಸದಾ—

ಸದಾನಂದನೋ, ಸದಾಶಿವನೋ.
ನಾನು ಮಾತ್ರ ಸದಾ ಅಂತನೇ ಕರೀತಿದ್ದೆ.

ಕನ್ನಡದ ರೀತಿ ನಿಮಗ ಗೊತ್ತಲ್ಲ,
ಕ್ರಿಯಾಪದ ಕಡೀಕ ಬರ್ತದ.
ಅದು ಬಲಗಡೆಯ ಅರ್ಧದ ಜೋಡಿ ಹೋಗಿ
ಊರಾಗ ಯಾರದೋ ಚೀಲದಾಗ ಕೂತಿತ್ತು.
ಕುಡೀತೀನೋ, ತಿಂತೀನೋ, ಹಚ್ಚಿಕೊಳ್ತೀನೋ?
ಟಾನಿಕ್ಕೋ, ಬಿಸ್ಕಿಟ್ಟೋ, ತಲಿಗೆ ಎಣ್ಣೆಯೋ?
ಅಪ್ಪನ್ನ ಕೇಳಿದರ,
"ನಾ ಮಾರಿ ನೋಡಂಗಿಲ್ಲವ್ವ, ಅಳತಿ ನೋಡ್ತೀನಿ."

ಎಲ್ಲಾ ಮಾಡಿ ನೋಡಿದೆ.
ಬೇವಿನ ಕುಡಿ ಅಗಿದೆ. ಅನ್ನದ ಗಂಜಿ ಕುಡಿದೆ.
ಕುಸುಬಿ ಎಣ್ಣೆ ಮೊಣಕಾಲಿಗೆ ತಿಕ್ಕಿ
ಹೊತ್ತು ಮೂಡೂಕಿಂತ ಮೊದಲ
ಕೆರೆಯ ದಂಡೀಗುಂಟ ಓಡಿದೆ,
ನಾಯಿಗಳು ಮೊದಮೊದಲು ಬೆನ್ನು ಹತ್ತಿ, ಆಮ್ಯಾಲ ಬ್ಯಾಸತ್ತು ಬಿಟ್ಟವು.

ದಸರಾ ಕ್ರೀಡಾಕೂಟ, ಇನ್ನೂರು ಮೀಟರು.
ನಾಲ್ಕನೇದವಳು ನಾನು.
ಮೊದಲು ಬಂದಾಕಿ ಆಳಂದದ ಗೌಸಿಯಾ, ಬರಿಗಾಲು.
ನೀರಿನ ನಳದ ಹತ್ತರ ಹಿಡಿದು ಕೇಳಿದೆ:
"ಖರೆ ಹೇಳು, ನಿನ್ನ ನೋಟ್‌ಬುಕ್ಕಿನ ರಟ್ಟಿನೊಳಗ ಯಾರದಾರ?"
ಆಕಿ ನಕ್ಕಳು, ನೀರು ನೆತ್ತಿಗೇರುವ ಹಂಗ.
"ರಟ್ಟು ಎಲ್ಲಿಂದ್ ತರ್ಲಿ?
ಅಣ್ಣನ ಬುಕ್ಕಿನಾಗ ಉಳಿದ ಹಾಳಿ ಹೊಲ್ಕೊಂಡು ಬರೀತೀನಿ."
ಗೆದ್ದ ಪಾವಲಿ ಚಿಕ್ಕಿ ಮುರಿದು
ನನಗೊಂದು ತುಂಡು ಕೊಟ್ಟಳು. ದೊಡ್ಡ ತುಂಡು.

ಈ ಆಷಾಢದಾಗ, ನಲವತ್ತೆರಡು ವರ್ಷಕ್ಕ,
ಅಪ್ಪನ ಅಂಟು ಕೈಬಿಟ್ಟಿತು.
ಗಾಳಿಯ ತಂಪಿಗೆ ಉಬ್ಬಿ ಹಾಳೆ ತಾನೇ ಎದ್ದು
ಬೆನ್ನು ತೋರಿಸಿತು.
ಎಡಗಡೆಯ ಅರ್ಧದ ಹಿಂಬದಿ
ಇನ್ಯಾವುದೋ ಪುಟದ ಬಲಗಡೆಯ ಅರ್ಧ:
ಅಡುಗೆ ಅಂಕಣ. ಸಾಲುಗಳ ಬಾಲ ಅಷ್ಟೇ.

—ಘಮ್ಮೆನ್ನುವಂತೆ ಹುರಿಯಿರಿ
—ಸೋಸಿರಿ
—ಕೈ ಬಿಡದೆ ತಿರುವಿರಿ
—ಆರಿದ ಮೇಲೆ ಮುಚ್ಚಿಡಿ

ಸದಾ, ಕ್ರಿಯಾಪದ ಇಷ್ಟೂ ದಿನ
ನಿನ್ನ ಬೆನ್ನಿಗೇ ಇದ್ದವಲ್ಲೋ!

ಜೋಡಿಸಿ ಓದಿದೆ:
ನಾನು ದಿನಾಲೂ ಬೆಳಿಗ್ಗೆ ಕೈ ಬಿಡದೆ ತಿರುವಿರಿ.
ವ್ಯಾಕರಣ ಕೂಡಲಿಲ್ಲ.
ಇಪ್ಪತ್ತಾರು ವರ್ಷ ಕನ್ನಡ ಕಲಿಸಿದಾಕಿ ನಾನು,
ಕೆಂಪು ಪೆನ್ನು ಎತ್ತಿದೆ, ಇಟ್ಟೆ.

ಒಲಿ ಮ್ಯಾಲ ಹಳೆ ಬೋಗುಣಿ.
ಮೈದಾ, ನೀರು, ಚಿಟಿಕಿ ಮೈಲುತುತ್ತ.
ಗಂಟು ಕಟ್ಟಬಾರದು ಅಂತ
ತಿರುವಿಕೋತ ನಿಂತೀನಿ.
ಯಾವ ಮೈ ಮ್ಯಾಲ ಮಾಡಿ ಅಂಟಿಸಲಿ
ಅಂತ ಇನ್ನೂ ಗೊತ್ತಾಗವಲ್ದು.